ಡೆಬಿಯನ್‌ಗೆ ಪ್ಯಾಕೇಜ್ ಮಾಡುವುದು: ಬೆಂಗಳೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜು ಕಾರ್ಯಾಗಾರಗಳಲ್ಲಿ, ವಾರಾಂತ್ಯದ ಕೂಟಗಳಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ ಇವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಡೆಬಿಯನ್ ಒಂದು ಡಿಸ್ಟ್ರೋ, ಅಂದರೆ ತಂತ್ರಾಂಶಗಳನ್ನೆಲ್ಲ ಜೋಡಿಸಿ ಕೊಡುವ ಲಿನಕ್ಸ್. ಪ್ಯಾಕೇಜ್ ಅಂದರೆ ಅದರಲ್ಲಿ ಒಂದೇ ಆಜ್ಞೆಯಿಂದ ಹಾಕಿಕೊಳ್ಳಲು ಆಗುವಂತೆ ಕಟ್ಟಿಟ್ಟ ತಂತ್ರಾಂಶ. ಉದಾಹರಣೆಗಳೆಲ್ಲ ಡೆಬಿಯನ್‌ನವು. ಬೇರೆ ಡಿಸ್ಟ್ರೋ ಬಳಸುವವರಿಗೂ ಅರ್ಧಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಗಿಟ್‌ಹಬ್‌ನಲ್ಲೇ ಕೋಡ್ ಇದೆ. ಬೇಕಾದವರು ಇಳಿಸಿಕೊಳ್ತಾರೆ. ಮತ್ತೆ ಪ್ಯಾಕೇಜ್ ಯಾಕೆ?

ಇಳಿಸಿಕೊಳ್ಳಬಹುದು, ಬಿಲ್ಡ್ (ಕೋಡನ್ನು ಓಡುವ ತಂತ್ರಾಂಶವಾಗಿಸುವುದು) ಕೂಡ ಮಾಡಿಕೊಳ್ಳಬಹುದು. ಆಮೇಲೆ? ಆರು ತಿಂಗಳಿಗೆ ಅದರಲ್ಲೊಂದು ಭದ್ರತಾ ದೋಷ ಸಿಕ್ಕಿತು ಅಂದುಕೊಳ್ಳಿ. ನೀವು ಕೈಯಾರೆ ಹಾಕಿಕೊಂಡಿದ್ದು ಹಾಗೇ ಕೂತಿರುತ್ತದೆ. ಹಳತಾಯಿತು ಎಂದು ಯಾರೂ ಬಂದು ಹೇಳುವುದಿಲ್ಲ. ತೆಗೆದುಹಾಕೋಣ ಅಂದರೆ ಯಾವ ಫೈಲು ಎಲ್ಲಿಗೆ ಹೋಗಿದೆ ಎಂಬುದೂ ನೆನಪಿರುವುದಿಲ್ಲ.

ಪ್ಯಾಕೇಜ್ ಇದ್ದರೆ ಆಪ್ಟ್ ಎಂಬ ಡೆಬಿಯನ್‌ನ ಸಾಧನ ಇದನ್ನೆಲ್ಲ ನೋಡಿಕೊಳ್ಳುತ್ತದೆ. ರಾಮನಗರದ ಯಾವುದೋ ಶಾಲೆಯ ಲ್ಯಾಬಿನಲ್ಲಿ ಇಪ್ಪತ್ತು ಕಂಪ್ಯೂಟರ್ ಇದ್ದರೆ, ಮೇಷ್ಟ್ರು ಒಂದು ಸಾಲು ಟೈಪ್ ಮಾಡಿದರೆ ಮುಗಿಯಿತು. ಆ ಒಂದು ಸಾಲಿನ ಹಿಂದೆ ಯಾರೋ ಕೂತು ಲೈಸೆನ್ಸ್ ಓದಿರುತ್ತಾರೆ. ಯಾವ ಲೈಬ್ರರಿ ಬೇಕು ಎಂದು ಪಟ್ಟಿ ಮಾಡಿರುತ್ತಾರೆ. ಕಾನ್ಫಿಗ್ ಫೈಲು ಎಲ್ಲಿರಬೇಕೋ ಅಲ್ಲಿಟ್ಟು, ತೆಗೆದಾಗ ಕಸ ಉಳಿಯದ ಹಾಗೆ ನೋಡಿರುತ್ತಾರೆ. ಡೆಬ್ ಫೈಲನ್ನೇನೋ (ಡೆಬಿಯನ್ ಪ್ಯಾಕೇಜಿನ ಫೈಲು) ಒಂದು ಸಂಜೆಯಲ್ಲಿ ಮಾಡಿಬಿಡಬಹುದು. ಆಮೇಲೆ ವರ್ಷಗಟ್ಟಲೆ ಅದರ ಬಗ್‌ಗಳಿಗೆ ಉತ್ತರ ಕೊಡುತ್ತಾ ಇರಬೇಕು. ಹೊಸಬರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದೇ ಇಲ್ಲ.

ಕೋಡಿಂಗ್ ಚೆನ್ನಾಗಿ ಬರಬೇಕಾ?

ಬೇರೆಯವರ ಕೋಡ್ ಓದಿ ಎಲ್ಲಿ ಎಡವಿದೆ ಎಂದು ಊಹಿಸುವಷ್ಟು ಬಂದರೆ ಸಾಕು. ಶೆಲ್ (ಟರ್ಮಿನಲ್ ಆಜ್ಞೆಗಳು), ಗಿಟ್ (ಕೋಡಿನ ಬದಲಾವಣೆ ದಾಖಲಿಸುವ ಸಾಧನ), ಸ್ವಲ್ಪ ಮೇಕ್‌ಫೈಲ್ (ಬಿಲ್ಡ್ ಹಂತಗಳನ್ನು ಬರೆದಿಡುವ ಫೈಲು) ಗೊತ್ತಿರಲಿ. ಅದಕ್ಕಿಂತ ಜಾಸ್ತಿ ಬೇಕಾಗುವುದು ಎರರ್ ಸಂದೇಶವನ್ನು ಕೊನೆಯವರೆಗೂ ಓದುವ ತಾಳ್ಮೆ.

ಡೆಬಿಯನ್, ಫೆಡೋರಾ, ಆರ್ಚ್. ಯಾವುದರಿಂದ ಶುರು ಮಾಡಲಿ?

ನೀವು ದಿನಾ ಬಳಸುವುದರಿಂದ. ಬಳಸದ ಡಿಸ್ಟ್ರೋಗೆ ಮಾಡಿದ ಪ್ಯಾಕೇಜನ್ನು ನೀವೇ ಪರೀಕ್ಷೆ ಮಾಡುವುದಿಲ್ಲ.

ಸುಲಭದ ಮಾತು ಕೇಳಿದರೆ ಆರ್ಚ್ ಸುಲಭ. ಪಿಕೆಜಿಬಿಲ್ಡ್ ಎಂಬ ಒಂದೇ ಫೈಲು, ಒಳಗೆ ಶೆಲ್ ಸ್ಕ್ರಿಪ್ಟ್. ಫೆಡೋರಾದಲ್ಲಿ ಸ್ಪೆಕ್ ಫೈಲ್ ಬರೆಯಬೇಕು. ಡೆಬಿಯನ್‌ನಲ್ಲಿ ಒಂದು ಇಡೀ ಫೋಲ್ಡರ್, ಅದರ ಜೊತೆಗೆ ಉದ್ದನೆಯ ಪಾಲಿಸಿ ಪುಸ್ತಕ. ಆದರೂ ನಾನು ಡೆಬಿಯನ್ ಕಡೆಗೇ ವಾಲುತ್ತೇನೆ. ಉಬುಂಟು ತನ್ನ ಬಹುಪಾಲು ಪ್ಯಾಕೇಜ್‌ಗಳನ್ನು ಡೆಬಿಯನ್‌ನ ಅನ್‌ಸ್ಟೇಬಲ್‌ನಿಂದಲೇ (ಹೊಸ ಆವೃತ್ತಿಗಳು ಮೊದಲು ಬರುವ ವಿಭಾಗ) ಎತ್ತಿಕೊಳ್ಳುತ್ತದೆ. ಭಾರತದಲ್ಲೇ ಸಿ-ಡ್ಯಾಕ್ ಎಂಬ ಸರ್ಕಾರಿ ಸಂಸ್ಥೆ ಮಾಡಿದ ಬಾಸ್ ಲಿನಕ್ಸ್ ಕೂಡ ಡೆಬಿಯನ್ ಮೇಲೆಯೇ ನಿಂತಿದೆ. ಇಲ್ಲಿ ಒಂದು ಸಲ ಸರಿ ಮಾಡಿದರೆ ಅಲ್ಲೆಲ್ಲ ತಲುಪುತ್ತದೆ.

ಮೊದಲ ಪ್ಯಾಕೇಜ್ ಯಾವುದು ಮಾಡಲಿ? ಇನ್ನೂ ಯಾರೂ ಮಾಡದೇ ಇರೋದನ್ನ ಹುಡುಕ್ತಾ ಇದ್ದೀನಿ.

ಹುಡುಕಬೇಡಿ. ಮೊದಲ ಕೆಲಸವಾಗಿ ಹೊಸ ಪ್ಯಾಕೇಜ್ ಬೇಡ.

ಹೊಸದನ್ನು ತರುವುದೇ ಇಡೀ ಡೆಬಿಯನ್‌ನಲ್ಲಿ ಅತಿ ನಿಧಾನದ, ಅತಿ ಕಷ್ಟದ ದಾರಿ. ಇತ್ತ ಆಗಲೇ ಇರುವ ಎಷ್ಟೋ ಪ್ಯಾಕೇಜ್‌ಗಳು ಕೇಳುವವರಿಲ್ಲದೆ ಬಿದ್ದಿವೆ. ಮೇಂಟೇನರ್ (ಪ್ಯಾಕೇಜ್ ನೋಡಿಕೊಳ್ಳುವವರು) ಕೈಬಿಟ್ಟವಕ್ಕೆ 'ಒ' ಎಂಬ ಗುರುತು ಇರುತ್ತದೆ. ಯಾರಾದರೂ ತಗೊಳ್ಳಿ ಎಂದು ಮೇಂಟೇನರೇ ಕೇಳುತ್ತಿದ್ದರೆ 'ಆರ್‌ಎಫ್‌ಎ'. ಸಹಾಯ ಸಾಕು ಅಂದರೆ 'ಆರ್‌ಎಫ್‌ಎಚ್'. ಡೆವ್‌ಸ್ಕ್ರಿಪ್ಟ್ಸ್ ಪ್ಯಾಕೇಜ್ ಹಾಕಿಕೊಂಡು ಟರ್ಮಿನಲ್‌ನಲ್ಲಿ ಡಬ್ಲ್ಯೂಎನ್‌ಪಿಪಿ-ಅಲರ್ಟ್ ಓಡಿಸಿ. ನಿಮ್ಮದೇ ಕಂಪ್ಯೂಟರಿನಲ್ಲಿ ಇರುವ ಪ್ಯಾಕೇಜ್‌ಗಳ ಪೈಕಿ ಯಾವುದು ಅನಾಥ ಎಂದು ಪಟ್ಟಿ ಬರುತ್ತದೆ. ಇದನ್ನು ನೋಡಿ ಗಾಬರಿಯಾಗುವವರೇ ಜಾಸ್ತಿ. ದಿನಾ ಬಳಸುವ ಸಾಮಾನೇ ಅದರಲ್ಲಿರುತ್ತದೆ. ಹೌ-ಕ್ಯಾನ್-ಐ-ಹೆಲ್ಪ್ ಎಂಬ ಇನ್ನೊಂದು ಪ್ಯಾಕೇಜ್ ಇದೆ. ಅದನ್ನು ಹಾಕಿಟ್ಟರೆ ಪ್ರತಿ ಸಲ ಆಪ್ಟ್ ಓಡಿಸಿದಾಗಲೂ ಕೊನೆಯಲ್ಲಿ ಹೊಸದಾಗಿ ಅನಾಥವಾದವನ್ನು ತೋರಿಸುತ್ತದೆ.

ಅದರಲ್ಲೊಂದು ಚಿಕ್ಕದನ್ನು ಆರಿಸಿ. ಅಪ್‌ಸ್ಟ್ರೀಮ್‌ನ (ಮೂಲ ತಂತ್ರಾಂಶ ಬರೆಯುವವರ) ಹೊಸ ಆವೃತ್ತಿಗೆ ಏರಿಸಿ, ಹಳೇ ಬಗ್ ಒಂದೆರಡು ಮುಚ್ಚಿ. ಈ ಕೆಲಸದಲ್ಲಿ ಕಲಿಯುವಷ್ಟು ಹೊಸ ಪ್ಯಾಕೇಜ್ ಮಾಡಿದರೂ ಕಲಿಯುವುದಿಲ್ಲ. ಬೇರೆಯವರು ಸರಿಯಾಗಿ ಕಟ್ಟಿದ್ದನ್ನು ಬಿಚ್ಚಿ ನೋಡುವ ಅವಕಾಶ ಇದರಲ್ಲೇ ಸಿಗುವುದು.

ಹೊಸದೇ ಬೇಕು ಎಂದು ಹಠ ಇದ್ದರೆ ಒಂದು ಫಾಂಟ್ ಆರಿಸಿಕೊಳ್ಳಿ. ಕಂಪೈಲ್ ಮಾಡುವ ರಗಳೆ ಕಡಿಮೆ. ಎಲ್ಲ ಬಗೆಯ ಪ್ರೊಸೆಸರ್‌ಗೂ ಒಂದೇ ಡೆಬ್ ಸಾಕು.

ಲ್ಯಾಪ್‌ಟಾಪ್ ಎಂಥದ್ದು ಬೇಕು?

ಎಸ್‌ಪಿ ರೋಡಿನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಸಾಕು. ದುಡ್ಡಿದ್ದರೆ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 8 ಜಿಬಿ ಮಾಡಿಸಿ. ಕ್ರೋಮಿಯಂನಂಥ ದೊಡ್ಡ ಬ್ರೌಸರ್ ಬಿಲ್ಡ್ ಮಾಡುವ ಆಸೆ ಇದ್ದರೆ ಮಾತ್ರ ಈ ಉತ್ತರ ತಪ್ಪು.

ಡೆಬಿಯನ್ ಎಂಬ ಫೋಲ್ಡರ್ ಒಳಗೆ ಏನೇನಿರುತ್ತೆ?

ಅಪ್‌ಸ್ಟ್ರೀಮ್‌ನ ಕೋಡನ್ನು ಹಾಗೇ ಇಟ್ಟು, ಪಕ್ಕದಲ್ಲಿ ಡೆಬಿಯನ್ ಎಂಬ ಫೋಲ್ಡರ್ ಸೇರಿಸುತ್ತೇವೆ. ನಮ್ಮ ಕೆಲಸವೆಲ್ಲ ಅದರೊಳಗೆ. ಮುಖ್ಯವಾದವು ನಾಲ್ಕು: ಕಂಟ್ರೋಲ್, ಚೇಂಜ್‌ಲಾಗ್, ರೂಲ್ಸ್, ಕಾಪಿರೈಟ್.

ರೂಲ್ಸ್ ಫೈಲ್ ಬಗ್ಗೆ ಹೆದರಿಕೆ ಜಾಸ್ತಿ. ಅದರಲ್ಲಿ ಏನೂ ಇರುವುದಿಲ್ಲ. ಅದೊಂದು ಮೇಕ್‌ಫೈಲ್. ಮೊದಲ ಸಾಲಿನಲ್ಲಿ ಯಾವುದರಿಂದ ಓಡಿಸಬೇಕು ಎಂಬುದು, ಆಮೇಲೆ %: ಎಂಬ ಎರಡು ಗುರುತು, ಅದರ ಕೆಳಗೆ ಡಿಎಚ್ $@ ಎಂಬ ಒಂದು ಸಾಲು. ಎಷ್ಟೋ ಪ್ಯಾಕೇಜ್‌ಗಳಿಗೆ ಇಷ್ಟೇ ಸಾಕು. ಉಳಿದದ್ದನ್ನು ಡೆಬ್‌ಹೆಲ್ಪರ್ ಎಂಬ ಸಾಧನ (ಡಿಎಚ್ ಅದರದೇ ಆಜ್ಞೆ) ತಾನೇ ಊಹಿಸಿ ಮಾಡುತ್ತದೆ. ಒಂದೇ ಎಚ್ಚರಿಕೆ: ಡಿಎಚ್ ಸಾಲಿನ ಮುಂದೆ ಇರಬೇಕಾದ್ದು ಟ್ಯಾಬ್, ಸ್ಪೇಸ್ ಅಲ್ಲ. ಎಡಿಟರ್ ತಾನಾಗಿಯೇ ಟ್ಯಾಬನ್ನು ಸ್ಪೇಸ್ ಮಾಡಿದರೆ ಬಿಲ್ಡ್ ಶುರುವಿನಲ್ಲೇ ನಿಲ್ಲುತ್ತದೆ.

ಚೇಂಜ್‌ಲಾಗ್ ಇನ್ನೂ ಗಡಸು. ಮೊದಲ ಸಾಲಿನಲ್ಲಿ ಪ್ಯಾಕೇಜ್ ಹೆಸರು, ಕಂಸದಲ್ಲಿ ಆವೃತ್ತಿ, ಯಾವ ವಿಭಾಗಕ್ಕೆ ಹೋಗಬೇಕು, ಎಷ್ಟು ತುರ್ತು. ಬದಲಾವಣೆಯ ಪ್ರತಿ ಸಾಲಿಗೂ ಮುಂದೆ ಎರಡು ಸ್ಪೇಸ್, ಒಂದು ನಕ್ಷತ್ರ. ಕೊನೆಯ ಸಾಲು ಒಂದು ಸ್ಪೇಸ್ ಮತ್ತು ಎರಡು ಗೀಟಿನಿಂದ ಶುರು. ಆಮೇಲೆ ಹೆಸರು, ಮೇಲ್, ದಿನಾಂಕ. ಮೇಲ್‌ಗೂ ದಿನಾಂಕಕ್ಕೂ ನಡುವೆ ಎರಡು ಸ್ಪೇಸ್ ಇರಬೇಕು, ಒಂದಲ್ಲ. ಈ ಫೈಲನ್ನು ಯಂತ್ರ ಓದುತ್ತದೆ, ಅದಕ್ಕೇ ಇಷ್ಟು ಕಟ್ಟುನಿಟ್ಟು. ಪ್ಯಾಕೇಜಿನ ಆವೃತ್ತಿ ಎಷ್ಟು ಎಂಬುದು ಬಿಲ್ಡ್‌ಗೆ ಗೊತ್ತಾಗುವುದೇ ಇದರಿಂದ. ಬದಲಾವಣೆಯ ಸಾಲಿನಲ್ಲಿ 'ಕ್ಲೋಸಸ್' ಎಂದು ಬರೆದು ಬಗ್ ಸಂಖ್ಯೆ ಹಾಕಿದರೆ, ಅಪ್‌ಲೋಡ್ ಆದ ಕೂಡಲೇ ಆ ಬಗ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಕೈಯಲ್ಲಿ ಬರೆಯಬೇಡಿ. ಡಿಸಿಎಚ್ ಎಂಬ ಆಜ್ಞೆ ಕೊಟ್ಟರೆ ಸ್ಪೇಸ್‌ಗಳ ಲೆಕ್ಕ ಅದೇ ನೋಡಿಕೊಳ್ಳುತ್ತದೆ.

ಕಂಟ್ರೋಲ್ ಫೈಲಿನಲ್ಲಿ ಜನ ಅವಸರ ಮಾಡುವುದು ವಿವರಣೆಯಲ್ಲಿ. ಬಿಲ್ಡ್‌ಗೆ ಬೇಕಾದ ಪಟ್ಟಿಗೆ ಗಂಟೆಗಟ್ಟಲೆ ತಲೆ ಕೆಡಿಸಿಕೊಂಡು, ವಿವರಣೆಯಲ್ಲಿ 'ಇದೊಂದು ಉತ್ತಮ ತಂತ್ರಾಂಶ' ಎಂದು ಬರೆದು ಎದ್ದುಬಿಡುತ್ತಾರೆ. ಹಾಕಿಕೊಳ್ಳಬೇಕೋ ಬೇಡವೋ ಎಂದು ಜನ ತೀರ್ಮಾನಿಸುವುದೇ ಆ ನಾಲ್ಕು ಸಾಲು ಓದಿ.

ಆವೃತ್ತಿ ಸಂಖ್ಯೆಯ ಕೊನೆಗೆ -1 ಯಾಕೆ? ~ ಯಾಕೆ?

ಗೀಟಿನ ಹಿಂದಿನದು ಅಪ್‌ಸ್ಟ್ರೀಮ್ ಕೊಟ್ಟ ಸಂಖ್ಯೆ, ಮುಂದಿನದು ನಮ್ಮದು. 2.4-1 ಅಂದರೆ ಅಪ್‌ಸ್ಟ್ರೀಮ್‌ನ 2.4ಕ್ಕೆ ಡೆಬಿಯನ್‌ನ ಮೊದಲ ಪ್ಯಾಕೇಜ್. ಪ್ಯಾಕೇಜ್ ಭಾಗ ಮಾತ್ರ ತಿದ್ದಿದರೆ 2.4-2.

~ ಗುರುತು ಇದ್ದದ್ದು ಇಲ್ಲದ್ದಕ್ಕಿಂತ ಚಿಕ್ಕದು ಎಂದು ಲೆಕ್ಕ. ಹಾಗಾಗಿ 2.4~ಬೀಟಾ1 ಎಂಬುದು 2.4ಕ್ಕಿಂತ ಮುಂಚೆ ನಿಲ್ಲುತ್ತದೆ. ಇದರ ನಿಜವಾದ ಉಪಯೋಗ ಬರುವುದು ಅಪ್‌ಸ್ಟ್ರೀಮ್ ಇನ್ನೂ ರಿಲೀಸೇ ಮಾಡದಿದ್ದಾಗ. ನಮ್ಮ ಕಡೆಯ ಎಷ್ಟೋ ಪ್ರಾಜೆಕ್ಟ್‌ಗಳ ಹಣೆಬರಹ ಅದೇ ತಾನೇ? ಆಗ ದಿನಾಂಕ ಹಾಕುತ್ತೇವೆ. ಬರೀ 20240115 ಎಂದು ಹಾಕಿದರೆ ಮುಂದೆ ಅವರು 1.0 ಬಿಟ್ಟಾಗ ಸಿಕ್ಕಿಬೀಳುತ್ತೀರಿ, ಯಾಕೆಂದರೆ ಯಂತ್ರದ ಲೆಕ್ಕದಲ್ಲಿ 1.0 ಚಿಕ್ಕದು. 0~20240115 ಎಂದು ಹಾಕಿದ್ದರೆ ತೊಂದರೆ ಇಲ್ಲ. ಸಿಕ್ಕಿಬಿದ್ದವರಿಗೆ ಎಪಾಕ್ ಎಂಬ ಉಪಾಯ ಇದೆ, ಸಂಖ್ಯೆಯ ಮುಂದೆ 1: ಸೇರಿಸುವುದು. ಆದರೆ ಒಮ್ಮೆ ಸೇರಿಸಿದರೆ ಆ ಪ್ಯಾಕೇಜ್ ಇರುವವರೆಗೂ ತೆಗೆಯುವಂತಿಲ್ಲ.

ಕಾಪಿರೈಟ್ ಫೈಲಿಗೆ ಯಾಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕು? ಗಿಟ್‌ಹಬ್‌ನಲ್ಲಿ ಜಿಪಿಎಲ್ ಲೈಸೆನ್ಸ್ ಅಂತ ಇದೆಯಲ್ಲ.

ಹೊಸ ಪ್ಯಾಕೇಜ್‌ಗಳು ವಾಪಸ್ ಬರುವುದಕ್ಕೆ ದೊಡ್ಡ ಕಾರಣ ಇದು. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಡೆಬಿಯನ್ ಶುರುವಾಗಿದ್ದು 1993ರಲ್ಲಿ. ಯಾವುದನ್ನು ಮುಕ್ತ ತಂತ್ರಾಂಶ ಎಂದು ಒಪ್ಪಬೇಕು ಎಂಬ ನಿಯಮಾವಳಿಯನ್ನು (ಡಿಎಫ್‌ಎಸ್‌ಜಿ) 1997ರಲ್ಲಿ ಬರೆದುಕೊಂಡರು. ಯಾರು ಬೇಕಾದರೂ ಹಂಚಬಹುದು, ತಿದ್ದಬಹುದು, ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದು, ವ್ಯಾಪಾರಕ್ಕೂ ಸಹ. ಮುಖ್ಯ ವಿಭಾಗಕ್ಕೆ ಬರುವ ಪ್ರತಿ ಫೈಲೂ ಇದಕ್ಕೆ ಒಪ್ಪಬೇಕು. ಪ್ರತಿ ಪ್ಯಾಕೇಜೂ ಅಲ್ಲ, ಪ್ರತಿ ಫೈಲೂ.

ಒಂದು ಕನ್ನಡ ಕಾಗುಣಿತ ಪರೀಕ್ಷಕ ಅಂದುಕೊಳ್ಳಿ. ಮುಖಪುಟದಲ್ಲಿ ಜಿಪಿಎಲ್ 3 ಎಂದು ಬರೆದಿದೆ. ಒಳಗೆ ಹೋಗಿ ನೋಡೋಣ. ಪೈಥಾನ್ ಕೋಡ್ ನಿಜವಾಗಿಯೂ ಜಿಪಿಎಲ್. ಐಕಾನ್ ಫೋಲ್ಡರ್‌ನಲ್ಲಿ ಒಂದು ಚಿತ್ರ ಇದೆ, ಅದರ ಲೈಸೆನ್ಸ್ 'ವಾಣಿಜ್ಯೇತರ ಬಳಕೆಗೆ ಮಾತ್ರ'. ಅದು ನಡೆಯುವುದಿಲ್ಲ. ವೆಬ್ ಪುಟಕ್ಕೆಂದು ಒಂದು ಜಾವಾಸ್ಕ್ರಿಪ್ಟ್ ಫೈಲು, ಪೂರ್ತಿ ಹಿಂಡಿ ಒಂದೇ ಸಾಲು ಮಾಡಿದ್ದು. ಮೂಲ ರೂಪ ಇಲ್ಲ, ಅದೂ ನಡೆಯುವುದಿಲ್ಲ. ಕೊನೆಗೆ ಪದಪಟ್ಟಿ. ಲಕ್ಷಗಟ್ಟಲೆ ಪದ. ಎಲ್ಲಿಂದ ಬಂತು? ರೀಡ್‌ಮಿ ಎಂಬ ಫೈಲಿನಲ್ಲಿ 'ವಿವಿಧ ಮೂಲಗಳಿಂದ' ಎಂದಿದೆ. ಈಚಿನ ಅಚ್ಚಾದ ನಿಘಂಟೊಂದರಿಂದ ಟೈಪ್ ಮಾಡಿಕೊಂಡಿದ್ದರೆ? ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಇಷ್ಟು ಹೊತ್ತಿಗೆ ಆ ಮುಖಪುಟದ ಜಿಪಿಎಲ್ ಎಂಬ ಮಾತಿಗೆ ಎಷ್ಟು ಬೆಲೆ ಉಳಿಯಿತು ನೀವೇ ಹೇಳಿ.

ಮಾಡಬೇಕಾದ್ದು ಇಷ್ಟು. ಲೈಸೆನ್ಸ್‌ಚೆಕ್ ಎಂಬ ಆಜ್ಞೆ ಇದೆ. ಇಡೀ ಫೋಲ್ಡರ್ ಮೇಲೆ ಓಡಿಸಿ. ಫೈಲಿನ ತಲೆಯಲ್ಲಿ ಬರೆದಿರುವುದನ್ನು ಅದು ಹೆಕ್ಕಿ ಕೊಡುತ್ತದೆ. ಅದು 'ಗೊತ್ತಿಲ್ಲ' ಎಂದ ಪ್ರತಿಯೊಂದನ್ನೂ ಕಣ್ಣಿಂದ ನೋಡಿ. ಅಪ್‌ಸ್ಟ್ರೀಮ್‌ನವರಿಗೆ ಬರೆದು ಕೇಳಿ. ಬಹಳ ಸಲ ಅವರು ಬೇಕೆಂದು ಮಾಡಿರುವುದಿಲ್ಲ, ಕೇಳಿದರೆ ಚಿತ್ರ ಬದಲಿಸಿ ಕೊಡುತ್ತಾರೆ. ಆಗದಿದ್ದರೆ ಆ ಫೈಲುಗಳನ್ನು ತೆಗೆದು ಟಾರ್‌ಬಾಲ್ (ಕೋಡನ್ನೆಲ್ಲ ಒಂದೇ ಫೈಲಾಗಿ ಕಟ್ಟಿದ ಗಂಟು) ಮತ್ತೆ ಕಟ್ಟಿ, ಆವೃತ್ತಿಯ ಕೊನೆಗೆ +ಡಿಎಫ್‌ಎಸ್‌ಜಿ ಎಂದು ಸೇರಿಸಬೇಕು. ತೆಗೆಯುವ ಫೈಲುಗಳ ಪಟ್ಟಿಯನ್ನು ಕಾಪಿರೈಟ್ ಫೈಲಿನಲ್ಲೇ ಬರೆದರೆ ಹೊಸ ಆವೃತ್ತಿ ಇಳಿಸಿಕೊಡುವ ಯುಸ್ಕ್ಯಾನ್ ಎಂಬ ಸಾಧನ ಪ್ರತಿ ಸಲ ತಾನೇ ತೆಗೆಯುತ್ತದೆ.

ಲೈಸೆನ್ಸ್ ಬರೆಯುವವರ ತಮಾಷೆಗಳೂ ಉಂಟು. ಜೇಸನ್ ಲೈಸೆನ್ಸ್‌ನಲ್ಲಿ ಈ ತಂತ್ರಾಂಶವನ್ನು ಒಳ್ಳೆಯದಕ್ಕೆ ಬಳಸಬೇಕು, ಕೆಟ್ಟದ್ದಕ್ಕೆ ಅಲ್ಲ ಎಂಬ ಸಾಲಿದೆ. ಕೇಳಲು ಚೆನ್ನಾಗಿದೆ. ಡೆಬಿಯನ್ ಅದನ್ನು ಮುಕ್ತವಲ್ಲ ಎಂದು ಹೊರಗಿಟ್ಟಿದೆ. ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದು ಅಂದರೆ ಯಾವುದಕ್ಕೆ ಬೇಕಾದರೂ.

ನನ್ನ ಕಂಪ್ಯೂಟರಲ್ಲಿ ಬಿಲ್ಡ್ ಆಗುತ್ತೆ. ಬೇರೆ ಕಡೆ ಆಗಲ್ಲ ಅಂತಾರೆ.

ನಿಮ್ಮ ಕಂಪ್ಯೂಟರಿನಲ್ಲಿ ಏನೇನೋ ಆಗಲೇ ಇದೆ, ಅದಕ್ಕೆ. ನಮ್ಮ ಮನೆ ಅಡುಗೆಮನೆಯಲ್ಲಿ ಸಾರಿನ ಪುಡಿ ಡಬ್ಬಿಯಲ್ಲಿ ಇದ್ದೇ ಇರುತ್ತದೆ, ಸಾಮಾನಿನ ಚೀಟಿಯಲ್ಲಿ ಬರೆಯುವುದು ಮರೆಯುತ್ತದೆ. ಬೇರೆಯವರ ಮನೆಗೆ ಹೋಗಿ ಅಡುಗೆಗೆ ನಿಂತಾಗ ಗೊತ್ತಾಗುತ್ತದೆ.

ಎಸ್‌ಬಿಲ್ಡ್ ಅಥವಾ ಪಿಬಿಲ್ಡರ್ ಬಳಸಿ. ಪ್ರತಿ ಸಲವೂ ಏನೂ ಇಲ್ಲದ ಹೊಸ ಅನ್‌ಸ್ಟೇಬಲ್ ಒಂದನ್ನು ತೆರೆದು, ಕಂಟ್ರೋಲ್ ಫೈಲಿನಲ್ಲಿ ಬರೆದಿರುವುದನ್ನು ಮಾತ್ರ ಹಾಕಿ ಬಿಲ್ಡ್ ಮಾಡುತ್ತದೆ. ಡೆಬಿಯನ್‌ನ ಬಿಲ್ಡ್ ಯಂತ್ರಗಳೂ ಹೀಗೇ ಕೆಲಸ ಮಾಡುವುದು. ಇನ್ನೊಂದು ಮಾತು: ಬಿಲ್ಡ್ ನಡೆಯುವಾಗ ಇಂಟರ್ನೆಟ್ ಮುಟ್ಟುವಂತಿಲ್ಲ, ಇದು ಪಾಲಿಸಿ. ಎನ್‌ಪಿಎಂ ಅಥವಾ ಪಿಪ್‌ನಿಂದ (ಜಾವಾಸ್ಕ್ರಿಪ್ಟ್, ಪೈಥಾನ್ ಲೈಬ್ರರಿ ಇಳಿಸುವ ಸಾಧನಗಳು) ಏನನ್ನಾದರೂ ಇಳಿಸಿಕೊಳ್ಳುವ ಸ್ಕ್ರಿಪ್ಟ್ ಇದ್ದರೆ ಅಲ್ಲೇ ನಿಂತುಬಿಡುತ್ತದೆ.

ಹಾಗಾದ್ರೆ ನೂರಾರು ನೋಡ್ ಮಾಡ್ಯೂಲ್ (ಜಾವಾಸ್ಕ್ರಿಪ್ಟ್ ಲೈಬ್ರರಿ) ಬೇಕಾಗಿರೋ ಪ್ರಾಜೆಕ್ಟ್ ಕಥೆ ಏನು?

ಸಾಮಾನ್ಯವಾಗಿ ಒಂದೊಂದನ್ನೂ ಬೇರೆ ಪ್ಯಾಕೇಜ್ ಮಾಡಬೇಕು. ಹೌದು, ನಿಜವಾಗಿಯೂ. ಅಂಥದ್ದನ್ನು ಒಬ್ಬರೇ ಕೈಗೆತ್ತಿಕೊಳ್ಳಬೇಡಿ, ಜಾವಾಸ್ಕ್ರಿಪ್ಟ್ ತಂಡ ಸೇರಿ. ಪೈಥಾನ್, ರೂಬಿ, ಗೋ, ರಸ್ಟ್, ಫಾಂಟ್ ಎಲ್ಲಕ್ಕೂ ಹೀಗೆ ತಂಡಗಳಿವೆ. ಸಾಲ್ಸಾ ಎಂಬ ಡೆಬಿಯನ್‌ನ ಗಿಟ್‌ಲ್ಯಾಬ್‌ನಲ್ಲಿ ಎಲ್ಲರ ಕೆಲಸವೂ ಕಾಣುತ್ತದೆ.

ಲಿಂಟಿಯನ್ ಪುಟಗಟ್ಟಲೆ ಬೈತಾ ಇದೆ. ಎಲ್ಲವನ್ನೂ ಸರಿ ಮಾಡಬೇಕಾ?

ಲಿಂಟಿಯನ್ ಪ್ಯಾಕೇಜಿನ ತಪ್ಪು ಹುಡುಕುವ ಸಾಧನ. 'ಇ' (ಎರರ್) ಎಂದು ಶುರುವಾದವನ್ನು ಮಾಡಲೇಬೇಕು. 'ಡಬ್ಲ್ಯೂ' (ಎಚ್ಚರಿಕೆ) ಇದ್ದವನ್ನು ಮಾಡಿ, ಮಾಡದಿದ್ದರೆ ಕಾರಣ ಇರಲಿ. ಉಳಿದವು ಸಲಹೆ. ಒಂದನ್ನು ಮಾತ್ರ ಮಾಡಬೇಡಿ: ಬೈಗುಳ ನಿಲ್ಲಲಿ ಎಂದು ಓವರ್‌ರೈಡ್ ಫೈಲ್ ಬರೆಯುವುದು. ಅದು ಇರುವುದು ಲಿಂಟಿಯನ್ ಹೇಳಿದ್ದೇ ತಪ್ಪಾಗಿದ್ದಾಗ ಬಳಸಲಿಕ್ಕೆ.

ಅಪ್‌ಸ್ಟ್ರೀಮ್ ಕೋಡಲ್ಲೇ ತಪ್ಪಿದೆ. ನಾನೇ ತಿದ್ದಿಬಿಡಲಾ?

ತಿದ್ದಬಹುದು. ಪ್ಯಾಚಸ್ ಫೋಲ್ಡರ್‌ನಲ್ಲಿ ಒಂದು ಪ್ಯಾಚ್ (ಬದಲಾವಣೆ ಮಾತ್ರ ಬರೆದ ಫೈಲು) ಆಗಿ ಇಡಬೇಕು, ಕೋಡನ್ನು ನೇರ ಮುಟ್ಟಬಾರದು. ಪ್ಯಾಚಿನ ತಲೆಯಲ್ಲಿ ಯಾಕೆ, ಯಾರು ಬರೆದರು, ಅಪ್‌ಸ್ಟ್ರೀಮ್‌ಗೆ ಕಳಿಸಿದ್ದೀರಾ ಎಂದು ಬರೆಯಬೇಕು. ಕಳಿಸಲೇಬೇಕು. ಇಲ್ಲದಿದ್ದರೆ ಪ್ರತಿ ಹೊಸ ಆವೃತ್ತಿಗೂ ಆ ಪ್ಯಾಚನ್ನು ನೀವೇ ಹೊತ್ತು ತಿರುಗಬೇಕು.

ಅರ್ಥವಾಗದ ಸಾಲನ್ನು ತೆಗೆಯುವ ಮುಂಚೆ ಓಪನ್‌ಎಸ್‌ಎಸ್‌ಎಲ್ (ಗೂಢಲಿಪಿಯ ಲೈಬ್ರರಿ) ಕಥೆ ನೆನಪಿರಲಿ. 2006ರಲ್ಲಿ ಡೆಬಿಯನ್‌ನ ಪ್ಯಾಕೇಜಿನಲ್ಲಿ ವಾಲ್‌ಗ್ರೈಂಡ್ ಎಂಬ ತಪ್ಪು ಹುಡುಕುವ ಸಾಧನದ ಒಂದು ಎಚ್ಚರಿಕೆ ನಿಲ್ಲಿಸಲು ಸಾಲುಗಳನ್ನು ತೆಗೆದರು. ಆ ಸಾಲುಗಳೇ ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಜಾಗಕ್ಕೆ ಬೇಕಾದ ಗೊಂದಲವನ್ನು ತುಂಬುತ್ತಿದ್ದವು. ಅವು ಹೋದ ಮೇಲೆ ಉಳಿದದ್ದು ಪ್ರೋಸೆಸ್ ಐಡಿ (ಓಡುತ್ತಿರುವ ಪ್ರೋಗ್ರಾಮಿನ ಸಂಖ್ಯೆ) ಒಂದೇ. ಅಂದರೆ ಒಂದು ಬಗೆಯ ಯಂತ್ರದಲ್ಲಿ, ಒಂದು ಅಳತೆಯ ಕೀಗೆ, 32,768 ಸಾಧ್ಯತೆಗಳು ಮಾತ್ರ. ಅಷ್ಟನ್ನೂ ಮೊದಲೇ ಮಾಡಿಟ್ಟುಕೊಂಡು ಒಂದೊಂದಾಗಿ ಹಾಕಿ ನೋಡಬಹುದು. ಇದು ಹೊರಬಿದ್ದಿದ್ದು 2008ರ ಮೇ ತಿಂಗಳಲ್ಲಿ. ಉಬುಂಟುವಿಗೂ ತಟ್ಟಿತು. ಜನ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ) ಕೀಗಳನ್ನೆಲ್ಲ ಎಸೆದು ಹೊಸದು ಮಾಡಿಕೊಳ್ಳಬೇಕಾಯಿತು. ಪ್ಯಾಚ್ ಹಾಕಿದವರು ಸುಮ್ನೆ ಹಾಕಿರಲಿಲ್ಲ, ಅಪ್‌ಸ್ಟ್ರೀಮ್‌ನ ಕಡೆ ಕೇಳಿಯೂ ಇದ್ದರು. ಕೇಳಿದ್ದು ಒಂದು, ಅವರಿಗೆ ಅರ್ಥವಾಗಿದ್ದು ಇನ್ನೊಂದು. ಹಾಗಾಗಿ ಕೇಳುವಾಗ ಪೂರ್ತಿ ಪ್ಯಾಚ್ ತೋರಿಸಿ ಕೇಳಿ.

ಅಪ್‌ಸ್ಟ್ರೀಮ್ ಕೊಟ್ಟ ಟಾರ್‌ಬಾಲ್ ನಂಬಬಹುದಾ?

2024ರ ಮಾರ್ಚ್ 29ರ ತನಕ ಈ ಪ್ರಶ್ನೆಗೆ ಜನ ನಗುತ್ತಿದ್ದರು. ಆ ದಿನ ಎಕ್ಸ್‌ಝಡ್ ಎಂಬ ಕಂಪ್ರೆಷನ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇದೆ ಎಂದು ಗೊತ್ತಾಯಿತು. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ನಿಧಾನವಾಯಿತು ಎಂದು ಒಬ್ಬ ಎಂಜಿನಿಯರ್ ಬೆನ್ನು ಹತ್ತಿದ್ದರಿಂದ ಸಿಕ್ಕಿಬಿತ್ತು. ಡೆಬಿಯನ್‌ನ ಅನ್‌ಸ್ಟೇಬಲ್, ಮುಂದಿನ ಹಂತವಾದ ಟೆಸ್ಟಿಂಗ್‌ಗೆ ಅದು ಬಂದಿತ್ತು, ಜನರಿಗೆ ಬಿಡುಗಡೆಯಾದ ಸ್ಟೇಬಲ್‌ಗೆ ಬಂದಿರಲಿಲ್ಲ.

ನಮಗೆ ಬೇಕಾದ ಅಂಶ ಇದು: ಹಿಂಬಾಗಿಲನ್ನು ಎಬ್ಬಿಸುವ ಆ ಒಂದು ಫೈಲು ಗಿಟ್‌ನಲ್ಲಿ ಇರಲೇ ಇಲ್ಲ. ರಿಲೀಸ್ ಟಾರ್‌ಬಾಲ್‌ನಲ್ಲಿ ಮಾತ್ರ ಇತ್ತು. ಹಾಗಾಗಿ ಟಾರ್‌ಬಾಲನ್ನು ಬಿಚ್ಚಿ, ಗಿಟ್ ಟ್ಯಾಗಿನ (ಗಿಟ್‌ನಲ್ಲಿ ಆ ಆವೃತ್ತಿಗೆ ಹಾಕಿದ ಗುರುತು) ಪಕ್ಕ ಇಟ್ಟು ಡಿಫ್ (ವ್ಯತ್ಯಾಸ) ನೋಡಿ. ಹೆಚ್ಚುವರಿ ಫೈಲುಗಳಿಗೆ ಕಾರಣ ಇರಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಸಾಧ್ಯವಿದ್ದಲ್ಲೆಲ್ಲ ಟ್ಯಾಗಿನಿಂದಲೇ ಟಾರ್‌ಬಾಲ್ ಕಟ್ಟಿಕೊಳ್ಳುವುದು ವಾಸಿ.

ಎಲ್ಲ ಆಯ್ತು. ಅಪ್‌ಲೋಡ್ ಹೇಗೆ?

ನೇರವಾಗಿ ಆಗುವುದಿಲ್ಲ. ಅಪ್‌ಲೋಡ್ ಹಕ್ಕು ಡೆಬಿಯನ್ ಡೆವಲಪರ್‌ಗಳಿಗೆ ಇರುತ್ತದೆ. ಆಯ್ದ ಪ್ಯಾಕೇಜ್‌ಗಳಿಗೆ ಮಾತ್ರ ಡೆಬಿಯನ್ ಮೇಂಟೇನರ್‌ಗಳಿಗೂ ಇರುತ್ತದೆ. ಹೊಸಬರು ಮೆಂಟರ್ಸ್ ಎಂಬ ತಾಣಕ್ಕೆ ಪ್ಯಾಕೇಜ್ ಏರಿಸಿ, 'ಪ್ರಾಯೋಜಕರು ಬೇಕು' ಎಂದು ಒಂದು ಬಗ್ (ಡೆಬಿಯನ್‌ನಲ್ಲಿ ಇಂಥ ಕೋರಿಕೆಗೂ ಬಗ್ ಎಂದೇ ಹೆಸರು) ಹಾಕಬೇಕು. ಡೆವಲಪರ್ ಒಬ್ಬರು ನೋಡಿ, ತಪ್ಪು ಹೇಳಿ, ಸರಿಯಾದ ಮೇಲೆ ತಮ್ಮ ಸಹಿಯಲ್ಲಿ ಅಪ್‌ಲೋಡ್ ಮಾಡುತ್ತಾರೆ. ಹೊಸ ಪ್ಯಾಕೇಜ್ ಆದರೆ ಕೆಲಸ ಶುರು ಮಾಡುವ ಮುಂಚೆಯೇ ಐಟಿಪಿ ('ಇದನ್ನು ನಾನು ಪ್ಯಾಕೇಜ್ ಮಾಡುತ್ತೇನೆ') ಎಂಬ ಬಗ್ ಹಾಕಿರಬೇಕು, ಇಬ್ಬರು ಒಂದನ್ನೇ ಮಾಡದಿರಲಿ ಎಂದು.

ಪ್ರಾಯೋಜಕರು ಸಿಗುವುದು ನಿಧಾನ. ಬಹಳ ಜನ ಯುರೋಪಿನವರು. ಸಂಜೆ ಆಫೀಸು ಮುಗಿಸಿ ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವ ಹೊತ್ತಿಗೆ ಅವರಿಗೆ ಮಧ್ಯಾಹ್ನ. ಐಆರ್‌ಸಿಯಲ್ಲಿ (ಇಂಟರ್ನೆಟ್ ಚಾಟ್) ಮಾತಾಡಿಸಲು ಒಳ್ಳೆಯ ಹೊತ್ತು. 'ಹಲೋ ಸರ್, ಪ್ಲೀಸ್ ಹೆಲ್ಪ್' ಎಂದು ಬರೆದು ಕಾಯಬೇಡಿ. ಪ್ಯಾಕೇಜ್ ಕೊಂಡಿ, ಸಮಸ್ಯೆ, ಏನು ಮಾಡಿ ನೋಡಿದಿರಿ, ಮೂರನ್ನೂ ಒಂದೇ ಸಲ ಹಾಕಿ. ಸರ್, ಮೇಡಂ ಅಲ್ಲಿ ಬೇಕಿಲ್ಲ.

ಆಮೇಲೆ ಹೊಸ ಪ್ಯಾಕೇಜ್ ನ್ಯೂ ಎಂಬ ಸಾಲಿನಲ್ಲಿ ನಿಲ್ಲುತ್ತದೆ. ಡೆಬಿಯನ್‌ನ ಪರಿಶೀಲನಾ ತಂಡ ಪ್ರತಿಯೊಂದನ್ನೂ ಮನುಷ್ಯರ ಕಣ್ಣಿಂದಲೇ ನೋಡುತ್ತದೆ, ಮುಖ್ಯವಾಗಿ ಕಾಪಿರೈಟ್. ಕೆಲವು ದಿನವೂ ಆಗಬಹುದು, ತಿಂಗಳುಗಳೂ ಆಗಬಹುದು. ಇಲ್ಲಿ ಒಂದು ಗುಂಡಿ ಇದೆ: ನ್ಯೂ ದಾಟಲು ಬೈನರಿ (ಬಿಲ್ಡ್ ಆದ ಪ್ಯಾಕೇಜ್) ಸಮೇತ ಅಪ್‌ಲೋಡ್ ಮಾಡಬೇಕು, ಆದರೆ ಮೇಂಟೇನರ್ ಕಂಪ್ಯೂಟರಿನಲ್ಲಿ ಬಿಲ್ಡ್ ಆದ ಬೈನರಿ ಟೆಸ್ಟಿಂಗ್‌ಗೆ ಹೋಗುವುದಿಲ್ಲ. 2019ರಿಂದ ಹೀಗೆ. ಒಪ್ಪಿಗೆ ಸಿಕ್ಕ ಮೇಲೆ -2 ಎಂದು ಸಂಖ್ಯೆ ಏರಿಸಿ, ಸೋರ್ಸ್ ಮಾತ್ರ ಇನ್ನೊಮ್ಮೆ ಅಪ್‌ಲೋಡ್ ಆಗಬೇಕು. ಇದು ಗೊತ್ತಿಲ್ಲದೆ 'ಒಪ್ಪಿಗೆ ಸಿಕ್ತು' ಎಂದು ಸ್ವೀಟ್ ಹಂಚಿ ಕೂತವರ ಪ್ಯಾಕೇಜ್ ಅನ್‌ಸ್ಟೇಬಲ್‌ನಲ್ಲೇ ಉಳಿದುಬಿಡುತ್ತದೆ.

ಜನರ ಕೈಗೆ ಯಾವಾಗ ಸಿಗುತ್ತೆ?

ಅನ್‌ಸ್ಟೇಬಲ್‌ನಿಂದ ಟೆಸ್ಟಿಂಗ್‌ಗೆ ಸಾಮಾನ್ಯವಾಗಿ 5 ದಿನ, ದೊಡ್ಡ ಬಗ್ ಇಲ್ಲದಿದ್ದರೆ, ಮತ್ತು ಮುಂಚೆ ಬಿಲ್ಡ್ ಆಗಿದ್ದ ಎಲ್ಲ ಬಗೆಯ ಯಂತ್ರದಲ್ಲೂ ಈಗಲೂ ಬಿಲ್ಡ್ ಆದರೆ. ಈ ಎರಡನೆಯದು ಕಾಡುತ್ತದೆ. ಐಬಿಎಂ ಮೇನ್‌ಫ್ರೇಮ್‌ನ ಎಸ್390ಎಕ್ಸ್‌ನಲ್ಲಿ ಬೈಟ್‌ಗಳ ಕ್ರಮ ನಮ್ಮ ಲ್ಯಾಪ್‌ಟಾಪಿಗೆ ಉಲ್ಟಾ. ಇಲ್ಲಿ ಚೆನ್ನಾಗಿ ಓಡಿದ ಟೆಸ್ಟ್ ಅಲ್ಲಿ ಮುಗ್ಗರಿಸುತ್ತದೆ. ಟೆಸ್ಟಿಂಗ್‌ನಿಂದ ಸ್ಟೇಬಲ್‌ಗೆ ಮುಂದಿನ ರಿಲೀಸ್‌ವರೆಗೆ ಕಾಯಬೇಕು, ಸುಮಾರು ಎರಡು ವರ್ಷಕ್ಕೊಮ್ಮೆ. ಡೆಬಿಯನ್ 12 ಬಂದಿದ್ದು 2023ರ ಜೂನ್ 10ಕ್ಕೆ, 13 ಬಂದಿದ್ದು 2025ರ ಆಗಸ್ಟ್ 9ಕ್ಕೆ.

ಜಿಪಿಜಿ ಕೀಗೆ ಸಹಿ ಬೇಕಂತೆ. ಬೆಂಗಳೂರಲ್ಲಿ ಯಾರನ್ನ ಹುಡುಕಲಿ?

ಜಿಪಿಜಿ ಕೀ ಅಂದರೆ ಡಿಜಿಟಲ್ ಸಹಿ ಹಾಕುವ ಕೀ, ಅದು ನಿಮ್ಮದೇ ಎಂದು ಇನ್ನೊಬ್ಬರು ಸಹಿ ಹಾಕಿ ಹೇಳಬೇಕು. ಹುಡುಕಬೇಕಾದ್ದು ಈಗಾಗಲೇ ಡೆವಲಪರ್ ಆಗಿರುವವರನ್ನು. ಇಲ್ಲಿನ ಮುಕ್ತ ತಂತ್ರಾಂಶ ಕೂಟಗಳಿಗೆ ಹೋಗಿ. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂದು ಶುರುವಾಗಿ ಆಮೇಲೆ ಫಾಸ್ ಡಾಟ್ ಇನ್ ಆದ ಸಮ್ಮೇಳನದ ಕಾಲದಿಂದಲೂ ಈ ಊರಿಗೆ ಅಂಥವರು ಬರುತ್ತಾರೆ. ಈಗ ಫಾಸ್ ಯುನೈಟೆಡ್‌ನವರ ಇಂಡಿಯಾಫಾಸ್ ಇದೆ. ಡೆಬಿಯನ್‌ನ ಜಾಗತಿಕ ಸಮ್ಮೇಳನ 2023ರಲ್ಲಿ ಕೊಚ್ಚಿಯಲ್ಲೇ ಆಗಿತ್ತು.

ಹೋಗುವಾಗ ಕೀಯ 40 ಅಕ್ಷರದ ಫಿಂಗರ್‌ಪ್ರಿಂಟನ್ನು ಕಾಗದದ ಮೇಲೆ ಅಚ್ಚು ಹಾಕಿಸಿಕೊಳ್ಳಿ. ಸರ್ಕಾರಿ ಗುರುತಿನ ಚೀಟಿ ಇರಲಿ. ನಮ್ಮವರಿಗೆ ಇಲ್ಲೊಂದು ಕಿರಿಕಿರಿ. ಕೀಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಬಿಡಿಸಿ ಬರೆದಿರುತ್ತದೆ, ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಮತ್ತೊಂದು ಥರ. ಎದುರಿಗಿರುವ ಜರ್ಮನಿಯವರಿಗೆ ಅದನ್ನು ವಿವರಿಸುವುದರೊಳಗೆ ಕಾಫಿ ಆರಿಹೋಗುತ್ತದೆ. ಕೀ ಮಾಡುವಾಗಲೇ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ ಹೆಸರು ಬರೆಯಿರಿ.

ಕಂಪನಿಯಲ್ಲಿ ಕೆಲಸ ಮಾಡ್ತಾ ಇದನ್ನ ಮಾಡಬಹುದಾ? ದುಡ್ಡು ಬರುತ್ತಾ?

ದುಡ್ಡು ಬರುವುದಿಲ್ಲ. ಸಂದರ್ಶನದಲ್ಲಿ ತೋರಿಸಲು ಕೆಲಸ ಇರುತ್ತದೆ, ಅಷ್ಟೇ.

ಮೊದಲನೆಯದಕ್ಕೆ ಉತ್ತರ ನಿಮ್ಮ ಆಫರ್ ಲೆಟರ್‌ನಲ್ಲಿದೆ. ಕೆಲಸದಲ್ಲಿ ಇರುವಾಗ ಬರೆದದ್ದೆಲ್ಲ ಕಂಪನಿಯದು ಎಂಬ ಸಾಲು ಎಷ್ಟೋ ಒಪ್ಪಂದಗಳಲ್ಲಿ ಇರುತ್ತದೆ, ರಾತ್ರಿ ಮನೆಯಲ್ಲಿ ಬರೆದದ್ದೂ ಸೇರಿ. ಮ್ಯಾನೇಜರ್ ಬಾಯಿಮಾತಿನಲ್ಲಿ 'ಮಾಡ್ಕೊಳಪ್ಪ' ಅಂದರೆ ಸಾಲದು. ಮೇಲ್‌ನಲ್ಲಿ ಒಪ್ಪಿಗೆ ತಗೊಳ್ಳಿ. ಸ್ವಂತ ಲ್ಯಾಪ್‌ಟಾಪ್, ಸ್ವಂತ ಮೇಲ್ ಬಳಸಿ.

ಕನ್ನಡಕ್ಕೆ ಸಂಬಂಧಪಟ್ಟ ಕೆಲಸ ಏನಾದ್ರೂ ಇದೆಯಾ?

ಆಗಿರುವುದೂ ಇದೆ, ಆಗಬೇಕಾದ್ದೂ ಇದೆ. ಫಾಂಟ್ಸ್-ಕೆಎನ್‌ಡಿಎ ಎಂಬ ಒಂದು ಹೆಸರು ಕೊಟ್ಟರೆ ಗುಬ್ಬಿ, ನವಿಲು, ಲೋಹಿತ್ ಫಾಂಟ್‌ಗಳು ಬರುತ್ತವೆ. ಎಂ17ಎನ್ ಎಂಬ ಟೈಪಿಂಗ್ ಲೈಬ್ರರಿಯಲ್ಲಿ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಇದೆ. ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್‌ಗೆ ಕನ್ನಡದ ದತ್ತಾಂಶವೂ ಪ್ಯಾಕೇಜ್ ಆಗಿ ಸಿಗುತ್ತದೆ.

ಆಗಬೇಕಾದ್ದು ಪರೀಕ್ಷೆ. ಹೊಸ ಆವೃತ್ತಿಯ ಫಾಂಟ್ ಬಂದಾಗ ಬಿಲ್ಡ್ ಆಯಿತು ಎಂದು ಕಳಿಸುವುದು ಸುಲಭ. ಕನ್ನಡ ಓದಲು ಬರದ ಮೇಂಟೇನರ್‌ಗೆ ಅದಕ್ಕಿಂತ ಜಾಸ್ತಿ ಮಾಡಲೂ ಆಗುವುದಿಲ್ಲ. 'ಸೂರ್ಯ' ಎಂದು ಬರೆದರೆ ಅರ್ಕಾವೊತ್ತು ಬರಬೇಕು. 'ರ‍್ಯಾಂಕ್' ಎಂದು ಬರೆದರೆ ಪೂರ್ತಿ ರ ನಿಂತು ಕೆಳಗೆ ಯ ಒತ್ತು ಬರಬೇಕು. ಎರಡಕ್ಕೂ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರ. ಇದನ್ನು ತಪ್ಪು ತೋರಿಸುವ ಫಾಂಟ್‌ಗಳನ್ನು ಹಿಡಿಯುವುದಕ್ಕೆ ಕನ್ನಡದವರೇ ಬೇಕು. ಎಚ್‌ಬಿ-ವ್ಯೂ ಎಂಬ ಚಿಕ್ಕ ಸಾಧನದಲ್ಲಿ ಅದೇ ಪದವನ್ನು ಎರಡು ಫಾಂಟ್‌ನಲ್ಲಿ ಬರೆಸಿ ನೋಡಿ. ಒಂದರಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು ಅಂದರೆ ಬಹುಪಾಲು ಫಾಂಟಿನದೇ ದೋಷ. ಎರಡರಲ್ಲೂ ತಪ್ಪಿದ್ದರೆ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಕಡೆ ಅನುಮಾನ. ಚಿತ್ರ ಸಮೇತ ಬಗ್ ಹಾಕಿ. ಒಂದು ಸಾಲು ಕೋಡ್ ಬರೆಯದೆ ಮಾಡಬಹುದಾದ ಕೆಲಸ ಇದು, ಮಾಡುವವರು ಬಹಳ ಕಡಿಮೆ.

ಮದುವೆ ಆಯ್ತು, ಕೆಲಸ ಬದಲಾಯ್ತು, ಈಗ ಪುರುಸೊತ್ತಿಲ್ಲ. ಪ್ಯಾಕೇಜ್ ಏನು ಮಾಡಲಿ?

ಬಿಟ್ಟುಬಿಡಿ, ಆದರೆ ಹೇಳಿ ಬಿಡಿ. ಸ್ವಲ್ಪ ಸಮಯ ಇದ್ದರೆ ಆರ್‌ಎಫ್‌ಎ ಹಾಕಿ, ಯಾರಾದರೂ ಬರುವವರೆಗೆ ನೋಡಿಕೊಳ್ಳಿ. ಒಂದಿಷ್ಟೂ ಆಗದಿದ್ದರೆ 'ಒ' ಎಂದು ಬಗ್ ಹಾಕಿ. ಮೇಂಟೇನರ್ ಸಾಲಿನಲ್ಲಿ ನಿಮ್ಮ ಹೆಸರು ತೆಗೆದು ಡೆಬಿಯನ್ ಕ್ಯೂಎ ಗ್ರೂಪ್ ಎಂದು ಬರೆದು ಕೊನೆಯ ಅಪ್‌ಲೋಡ್ ಮಾಡಿಸಿ. ಅಪ್‌ಸ್ಟ್ರೀಮ್‌ನವರು ಎಂಥವರು, ಯಾವ ಟೆಸ್ಟ್ ಯಾವಾಗ ಸುಮ್ನೆ ಬೀಳುತ್ತದೆ, ಯಾವ ಪ್ಯಾಚ್ ಇನ್ನೂ ಅವರ ಬಳಿ ಕೂತಿದೆ ಎಂಬುದನ್ನೂ ಆ ಬಗ್‌ನಲ್ಲೇ ಬರೆಯಿರಿ. ಮುಂದೆ ಯಾರೋ ಅವರ ಟರ್ಮಿನಲ್‌ನಲ್ಲಿ ಡಬ್ಲ್ಯೂಎನ್‌ಪಿಪಿ-ಅಲರ್ಟ್ ಓಡಿಸಿದಾಗ ಓದುವುದು ಅದನ್ನೇ.